ಜೀರಿಗೆಗೆ ಮೂರನೇ ಸಂಬಂಧ

ನಗು, ನಗು! ನೀನು ನಗ್ತೀಯ ಅಂತ ಗೊತ್ತಿದ್ದೇ ಕಟ್ಟಿದ್ದು. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಮಧ್ಯೆ ನನ್ನ ಹಳೇ ವಾಯಿಲ್ ಸೀರೆ... ವ್ಯಾನ್ ಒಳಗೆ ಕಂಪನಿ ನಾಟಕದ ಪರದೆ ಇಳಿಬಿಟ್ಟ ಹಾಗಿದೆ, ಅಲ್ವಾ? ಮತ್ತೇನು ಮಾಡಲಿ ಹೇಳು ವಹೀದಾ. ನಾಯಿ ನಾಲಿಗೆ ಬಟ್ಟೆಗೆ ತಾಗಿದ್ರೆ ನಮಾಜಿಗೆ ಆಗಲ್ಲ, ಮತ್ತೆ ಎಲ್ಲ ತೊಳೀಬೇಕು ಅಂತ ನೀನೇ ಅಲ್ವಾ ಹೇಳಿದ್ದು? ಇನ್ನು ನಮ್ಮನೆಯವರದ್ದು ಬೇರೆ ಪುರಾಣ. ಸಂಧ್ಯಾವಂದನೆಗೆ ಕೂತಾಗ ನಾಯಿ ನೆರಳೂ ಬೀಳಬಾರದು! ನಿಮ್ಮ ಬಷೀರ್ ಭಾಯ್‌ಗೂ ನಮ್ಮ ರಾಘವೇಂದ್ರರಾಯರಿಗೂ ಈ ಹನ್ನೆರಡು ವರ್ಷದಲ್ಲಿ ಒಮ್ಮತ ಬಂದಿದ್ದು ಇದೊಂದೇ ವಿಷಯಕ್ಕೆ ನೋಡು. ಎಲೆಕ್ಷನ್ನಿಗೆ ಒಪ್ಪಲ್ಲ, ಕ್ರಿಕೆಟ್ಟಿಗೆ ಒಪ್ಪಲ್ಲ, ನಾಯಿ ಅಂದ ತಕ್ಷಣ ಇಬ್ಬರೂ ಅಣ್ಣತಮ್ಮಂದಿರು.

ಏನು, ತಿರುಗಿ ತಿರುಗಿ ನೋಡ್ತೀಯಾ? ಜೀರಿಗೆ ಮಲಗಿದಾಳೆ ಕಣೇ. ಪಂಜರದ ಬಾಗಿಲು ಹಾಕಿದೀನಿ, ಮೇಲೆ ಹಗ್ಗಾನೂ ಬಿಗಿದಿದೀನಿ. ಎದ್ರೂ ಎಲ್ಲಿಗೆ ಬರ್ತಾಳೆ? ನೀನು ಆ ಮ್ಯಾಪ್‌ಕ್ವೆಸ್ಟಿಂದ ಪ್ರಿಂಟ್ ತೆಗೆದ ದಾರಿ ಹಾಳೆ ನೋಡ್ಕೋ. ಅದರಲ್ಲಿ ನೋಡೋಕೂ ಏನಿಲ್ಲ ಬಿಡು, ತೊಂಬತ್ನಾಲ್ಕನೇ ಹೈವೇಲಿ ನೆಟ್ಟಗೆ ಹೋಗ್ತಾ ಇರೋದು. ಆನ್ ಆರ್ಬರ್ ಆಯ್ತು. ಇನ್ನು ಜಾಕ್ಸನ್, ಬ್ಯಾಟಲ್ ಕ್ರೀಕ್, ಆಮೇಲೆ ಕಲಮಝೂ. ಅಲ್ಲಿ ಎಕ್ಸಿಟ್ ಪಕ್ಕ ಒಂದು ಪ್ಯಾನ್‌ಕೇಕ್ ಹೋಟೆಲಿದೆ, ಅದರ ಪಾರ್ಕಿಂಗಿಗೆ ಅವರು ಬರ್ತಾರೆ, ಶಿಕಾಗೋ ಕಡೆಯಿಂದ. ಅವರಿಗೆ ಹನ್ನೆರಡು ಗಂಟೆ, ನಮಗೆ ಒಂದು. ಹೆಣ್ಣಿನ ಕಡೆಯವರು ಅರ್ಧ ದಾರಿ, ಗಂಡಿನ ಕಡೆಯವರು ಅರ್ಧ ದಾರಿ! ಜೀರಿಗೇನ ಒಪ್ಪಿಸೋದು, ಕಾಫಿ ಕುಡಿಯೋದು, ಕಣ್ಣು ಒರೆಸ್ಕೊಂಡು ವಾಪಸ್ ನಮ್ಮ ಕ್ಯಾಂಟನ್ನಿಗೆ.

ಯಾಕೆ, ಗಂಡಿನ ಕಡೆ ಅಂದಿದ್ದಕ್ಕೆ ನಗ್ತೀಯಾ? ಅಲ್ಲ ಮತ್ತೆ, ಇದು ಮದುವೆ ಅಲ್ದೆ ಇನ್ನೇನು? ಫೋಟೋ ಕಳಿಸು ಅಂತಾರೆ, ಕಳಿಸಿದೀವಿ. ಸ್ವಭಾವ ಹೇಗೆ, ಎತ್ತರ ಎಷ್ಟು, ಆರೋಗ್ಯ ಹೇಗೆ... ಆರು ಪುಟ ಫಾರಂ. ನನ್ನ ಮದುವೆಗೆ ಇಷ್ಟು ಕೇಳಿರಲಿಲ್ಲ ಕಣೇ! ಆಮೇಲೆ ಬೀದಿನಾಯಿಗಳಿಗೆ ಮನೆ ಹುಡುಕಿಕೊಡೋ ಗ್ರೂಪಿನ ಹೆಂಗಸು ಅವರ ಮನೆಗೆ ಹೋಗಿ, ಬೇಲಿ ಇದೆಯಾ, ಹಿತ್ತಲಿದೆಯಾ ಅಂತ ನೋಡ್ಕೊಂಡು ಬಂದ್ಲು. ನಮ್ಮಪ್ಪ ನಮ್ಮತ್ತೆ ಮನೇಲಿ ಬಾವಿ ಇದೆಯಾ ಅಂತ ಕೂಡ ನೋಡಿರಲಿಲ್ಲ.

ಆ ದ್ವೀಪದ ಕಥೆ ಪೂರ್ತಿ ಹೇಳಿದೀನಾ ನಿನಗೆ? ನಾಲ್ಕು ಸಲಾನಾ? ಐದನೇ ಸಲ ಕೇಳು, ಇನ್ನೂ ತೊಂಬತ್ತು ಮೈಲಿ ಇದೆ.

ಹೋದ ವರ್ಷ, ಎರಡು ಸಾವಿರದ ಆರು, ಫೆಬ್ರವರಿ. ಮದುವೆಯಾಗಿ ಇಪ್ಪತ್ತೈದು ವರ್ಷ ಅಂತ ನಮ್ಮನೆಯವರು ಜೀವಮಾನದಲ್ಲಿ ಒಂದು ಸಲ ಕೈ ಬಿಚ್ಚಿದ್ರು. ಕೆರಿಬಿಯನ್ ದ್ವೀಪಕ್ಕೆ ಐದು ದಿನ! ಸಮುದ್ರವೇನೋ ಚೆನ್ನಾಗಿತ್ತು, ಊಟಕ್ಕೇನಿದೆ? ಮೀನು. ಮೀನು ಬೇಡ ಅಂದ್ರೆ ಸೀಗಡಿ. ಸೂಟ್‌ಕೇಸಲ್ಲಿ ಪುಟ್ಟ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು ಇಟ್ಕೊಂಡು ಹೋಗಿದ್ದಕ್ಕೆ ಬದುಕಿದ್ವಿ. ರೂಮಿನ ಹಿಂದಿನ ಬಾಗಿಲಲ್ಲಿ ಕೂತು ಅನ್ನ ಕಲಸ್ತಾ ಇದೀನಿ, ಬಂತು ನೋಡು. ಮೂಳೆ ಚಕ್ಕಳ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಮೈಯೆಲ್ಲ ಜೀರಿಗೆ ಬಣ್ಣ. ಆ ಊರಲ್ಲಿ ಬೀದಿನಾಯಿಗಳಿಗೆ ಪಾತ್ರೆಯ ತಳ ಹಿಡಿದ ಅನ್ನ ಹೆರೆದು ಹಾಕ್ತಾರಂತೆ, ಅದಕ್ಕೆ ಹತ್ತು ನಾಯಿ ಕಿತ್ತಾಡ್ತವೆ. ಇದಕ್ಕೆ ಬಹುಶಃ ಒಂದು ದಿನವೂ ಪೂರ್ತಿ ಸಿಕ್ಕಿರಲಿಲ್ಲ. ನಾನು ಒಂದು ತುತ್ತು ಹಾಕಿದೆ. ನಂಜನಗೂಡಲ್ಲಿ ದಿನಾ ಹಾಕ್ತಿರಲಿಲ್ವಾ ನಾವು? ನಿಮ್ಮ ಚನ್ನಪಟ್ಟಣದಲ್ಲೂ ಹಾಕ್ತಿದ್ರಿ ತಾನೇ? ಬಾಗಿಲಿಗೆ ಬಂದಿದ್ದಕ್ಕೆ ಒಂದು ಹಿಡಿ ಹಾಕೋದು, ಅದರ ದಾರಿ ಅದಕ್ಕೆ, ನಮ್ಮ ದಾರಿ ನಮಗೆ. ಇವಳು ಹಾಗೆ ಅಂದ್ಕೊಳ್ಳಲಿಲ್ಲ. ಐದು ದಿನವೂ ಆ ಬಾಗಿಲು ಬಿಟ್ಟು ಕದಲಲಿಲ್ಲ.

ಕೊನೇ ದಿನ ಅಲ್ಲಿ ನಾಯಿಗಳನ್ನ ನೋಡ್ಕೊಳ್ಳೋ ಒಬ್ಬ ಬಿಳಿ ಹುಡುಗಿ ಬಂದ್ಲು. ಡೆಟ್ರಾಯಿಟಿಗೆ ಹೋಗ್ತೀರಾ? ಇವಳನ್ನ ಕರ್ಕೊಂಡು ಹೋಗಿ, ಏರ್‌ಪೋರ್ಟಲ್ಲಿ ನಮ್ಮ ಗ್ರೂಪಿನವರು ಬಂದು ಇಳಿಸ್ಕೋತಾರೆ, ಅಂತ. ರಜಕ್ಕೆ ಬಂದೋರ ಕೈಲೇ ನಾಯಿ ಕಳಿಸೋದಂತೆ! ನಮ್ಮೂರಲ್ಲಿ ಬಸ್ ಕಂಡಕ್ಟರ್ ಕೈಲಿ ಹುಣಸೆಹಣ್ಣು ಕಳಿಸಿದ ಹಾಗೆ. ಇವರು ಬೇಡ ಬೇಡ ಅಂತ ಕಣ್ಣಲ್ಲೇ ಹೇಳ್ತಿದಾರೆ, ನಾನು ಆಗಲಿ ಅಂದ್ಬಿಟ್ಟೆ. ಇಲ್ಲಿ ಇಳಿದ್ರೆ ಗ್ರೂಪಿನ ಹೆಂಗಸು, ಇಟ್ಕೊಳ್ಳೋಕೆ ನಮ್ಮಲ್ಲಿ ಮನೆ ಖಾಲಿ ಇಲ್ಲ, ಒಂದೇ ಒಂದು ವಾರ ನೀವೇ ಇಟ್ಕೊಳ್ಳಿ ಅಂದ್ಲು. ಒಂದು ವಾರ! ಈಗ ಹದಿಮೂರು ತಿಂಗಳು. ದಾರೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡು ಬಂದೆ ಅಂತ ಇವರು ಆವತ್ತು ಶುರು ಮಾಡಿದ್ದು ಇನ್ನೂ ನಿಲ್ಲಿಸಿಲ್ಲ.

ಮೊದಲನೇ ದಿನ ಅವಳು ಹಿಮ ನೋಡಿದ್ದು... ಅಯ್ಯೋ ನೀನು ಕಿಟಕಿಯಿಂದ ನೋಡ್ತಿದ್ಯಲ್ಲ! ಹೊರಗೆ ಇಲ್ಲಿಯ ಲೆಕ್ಕದಲ್ಲಿ ಹನ್ನೆರಡು ಡಿಗ್ರಿ, ನೀರು ಕಲ್ಲಾಗೋ ಚಳಿ. ಒಂದು ಕಾಲು ಎತ್ತಿದ್ಲು, ಇನ್ನೊಂದು ಎತ್ತಿದ್ಲು, ಮೂರನೇದೂ ಎತ್ತೋಕೆ ಹೋಗಿ ಬಿದ್ಲು. ನೀನು ಫೋನ್ ಮಾಡಿ, ಅಂಬುಜಾ, ನಿಮ್ಮ ನಾಯಿ ಡ್ಯಾನ್ಸ್ ಮಾಡ್ತಿದೆ ಅಂದೆ. ನಾಯಿ ಕಂಡ್ರೆ ರಸ್ತೆ ದಾಟಿಹೋಗೋಳು ನೀನು. ಆದ್ರೂ ನಕ್ಕಿದ್ದೆ ಆವತ್ತು.

ಮೊದಲನೇ ಸಂಬಂಧ ನೆನಪಿದೆಯಾ? ಆನ್ ಆರ್ಬರಿನ ಓದೋ ಹುಡುಗ ಹುಡುಗಿ. ನಾಲ್ಕೇ ದಿನಕ್ಕೆ ತವರಿಗೆ ವಾಪಸ್! ಏನಂತೆ, ಕಸದ ಡಬ್ಬ ಮಗುಚಿ ರಾತ್ರಿಯೆಲ್ಲ ತಿಂದ್ಲಂತೆ. ಹಸಿದು ಬೆಳೆದೋಳು, ತಿಂದ್ಲು. ಎರಡನೇದು ಸೌತ್‌ಫೀಲ್ಡಿನ ಆ ಎತ್ತರದ ಆಫೀಸಿನ ಗಂಡಸು. ಅವನು ಎರಡು ವಾರ ಇಟ್ಕೊಂಡ. ಊಟ ಮಾಡೋವಾಗ ಹತ್ತಿರ ಹೋದ್ರೆ ಗುರ್ ಅಂತಾಳೆ, ನನಗೆ ಭಯ ಆಗತ್ತೆ ಅಂದ. ಊಟದ ಮಧ್ಯೆ ಯಾರನ್ನ ಮಾತಾಡಿಸಿದ್ರೂ ಗುರ್ ಅಂತಾರಪ್ಪ! ನಮ್ಮನೆಯವರು ಅನ್ನಲ್ವಾ? ಇಪ್ಪತ್ತಾರು ವರ್ಷ ಇಟ್ಕೊಂಡಿಲ್ವಾ ನಾನು?

ನಗ್ತೀಯ, ಆದ್ರೆ ಇದು ನಗೋ ವಿಷಯ ಅಲ್ಲ. ಮೂರನೇ ಸಲವೂ ವಾಪಸ್ ಬಂದ್ರೆ ಇನ್ನು ಯಾರಿಗೂ ಕೊಡೋಕಾಗಲ್ಲ ಅಂತ ಗ್ರೂಪಿನ ಹೆಂಗಸು ಹೇಳಿದಾಳೆ. ಹಾಗಂದ್ರೆ ಏನಮ್ಮಾ ಅಂದೆ. ಇಂಜೆಕ್ಷನ್ ಕೊಟ್ಟು ಮುಗಿಸೋದು ಅಂದ್ಲು. ಇಷ್ಟು ದೂರ ವಿಮಾನದಲ್ಲಿ ಕರ್ಕೊಂಡು ಬಂದು, ಸ್ವೆಟರ್ ಹಾಕಿ, ಮೊಸರನ್ನ ತಿನ್ನಿಸಿ... ಆ ದ್ವೀಪದಲ್ಲೇ ಬಿಟ್ಟಿದ್ರೆ ಹೇಗೋ ಬದುಕ್ಕೋತಿದ್ಲು ಅಲ್ವಾ?

ನಾನೇ ಇಟ್ಕೊಳ್ಳೋದಾ? ಅದೇ ಅಂದ್ನಲ್ಲ ಕಣೇ, ಇವರು ಬಿಡ್ತಾರಾ? ಯುಗಾದಿ ಒಳಗೆ ಈ ನಾಯಿ ಮನೆಯಿಂದ ಹೋಗಬೇಕು ಅಂತ ಹೇಳಿಬಿಟ್ಟಿದಾರೆ. ಯುಗಾದಿಗೆ ಇನ್ನು ಒಂಬತ್ತು ದಿನ. ಇವರ ಬಾಯಿಗೆ ನಾನು ಎದುರಾಡ್ತೀನಾ?

ಹೂಂ... ಎದುರಾಡ್ತೀನಿ. ಸರಿ, ಒಪ್ಕೊಂಡೆ. ಆದ್ರೂ ಎಲ್ಲ ವಿಷಯಕ್ಕೂ ಆಗಲ್ಲಪ್ಪ.

ಇನ್ನೊಂದು ವಿಷಯವೂ ಇದೆ. ನಾಯಿ ಹೋದ್ರೆ ನೀನು ಬರ್ತೀಯ. ಬರ್ತೀಯ ತಾನೇ? ಮೂರು ವಾರ ಆಯ್ತು ವಹೀದಾ, ನೀನು ನಮ್ಮನೆಗೆ ಬಂದು. ಸಂಜೆ ನಾಲ್ಕು ಗಂಟೆ ಆದ್ರೆ ಕೈ ತಾನಾಗೇ ಎರಡು ಲೋಟ ಇಳಿಸತ್ತೆ. ಎರಡನೇದನ್ನ ವಾಪಸ್ ಇಡಬೇಕಾದ್ರೆ... ಇವರು ನೋಡಿ, ಇನ್ನೊಂದು ಲೋಟ ನನಗೇನಾ ಅಂತಾರೆ. ಹನ್ನೆರಡು ವರ್ಷದಿಂದ ಒಂದೇ ಬೀದಿ, ಒಂದೇ ಮೇಲ್‌ಬಾಕ್ಸ್ ಕಂಬ. ಇವತ್ತು ನೀನು ವ್ಯಾನ್ ಹತ್ತುತೀಯ ಅಂತ ನಾನು ಅಂದ್ಕೊಂಡೇ ಇರಲಿಲ್ಲ. ಫೋನಲ್ಲಿ ಕೇಳಿದ್ದು ಸುಮ್ಮನೆ, ಬಾಯಿಮಾತಿಗೆ. ನೀನು ಬರ್ತೀನಿ ಅಂದೆ.

ಇರು ಇರು, ಆ ಕೈಯಲ್ಲಿ ಡಬ್ಬ ತೆಗೀಬೇಡ! ಮಂಡಿ ಮಧ್ಯೆ ಇಟ್ಕೊಂಡು ಎಡಗೈಲಿ ತಿರುಗಿಸು. ಹಾಂ. ಕೋಡುಬಳೆ, ನೆನ್ನೆ ಮಾಡಿದ್ದು. ಒಂದು ಬಾಯಿಗೆ ಹಾಕ್ಕೋ, ನನಗೂ ಒಂದು ಕೊಡು.

ಬೆರಳು ಹೇಗಿದೆ?... ಪೂರ್ತಿ ಮಡಚೋಕೆ ಬರ್ತಿದೆಯಾ? ಸೂಜಿ ಹಿಡಿಯೋಕೆ?

ಇಲ್ವಾ ಇನ್ನೂ.

ಅಲ್ಲ, ತಪ್ಪು ಯಾರದ್ದು ಹೇಳು. ನಿಂದೂ ಅಲ್ಲ, ಅವಳದ್ದೂ ಅಲ್ಲ. ನಾನು ಬಿಸಿಬೇಳೆಬಾತ್ ಕಳಿಸಿದ ಡಬ್ಬಾನ ನೀನು ಖಾಲಿ ಕೊಡಬಾರದು ಅಂತ ಶಾವಿಗೆ ಪಾಯಸ ತುಂಬಿ ತಂದೆ. ಅದೂ ನಮ್ಮನೆಗೆ ಅಂತ ಬೇರೆ ಇಟ್ಟಿರೋ ಪಾತ್ರೇಲಿ ಮಾಡಿ. ಹಿಂದಿನ ಬಾಗಿಲಿಂದ, ಬೆಲ್ಲೂ ಒತ್ತದೆ, ಯಾವಾಗಲೂ ಬರೋ ಹಾಗೆ ಬಂದೆ. ನೀನು ಬರೋ ಹೊತ್ತಿಗೆ ದಿನಾ ಇವಳನ್ನ ಪಂಜರಕ್ಕೆ ಹಾಕ್ತಿದ್ದೆ, ಆವತ್ತು ನೀನು ಸ್ವಲ್ಪ ಮುಂಚೆ. ಅಡುಗೆಮನೆ ನೆಲದ ಮೇಲೆ ತಟ್ಟೆ. ನಮ್ಮನೆ ಊಟದ ಸ್ಟೀಲ್ ತಟ್ಟೆ, ಅದರಲ್ಲಿ ಮೊಸರನ್ನ. ಯಾರೇ ಆದ್ರೂ ಏನಂದ್ಕೋತಾರೆ? ಅನ್ನ ಕಾಲಿಗೆ ಸಿಗತ್ತೆ, ತುಳಿದುಬಿಟ್ರೆ ಪಾಪ ಅಂತ ಎತ್ತಿಡೋಕೆ ಬಗ್ಗಿದೆ. ಇಲ್ಲಿಯವರಾಗಿದ್ರೆ ಬಗ್ತಿರಲಿಲ್ಲ. ಇಲ್ಲಿ ನಾಯಿಗೆ ನಾಯಿ ಬಟ್ಟಲೇ ಬೇರೆ ಇರತ್ತೆ, ಅದರ ಮೇಲೆ ಮೂಳೆ ಚಿತ್ರ ಇರತ್ತೆ, ನೋಡಿದ ತಕ್ಷಣ ದೂರ ನಿಲ್ತಾರೆ. ಗ್ರೂಪಿನವರು ನನಗೂ ಅಂಥದ್ದೊಂದು ಕೊಟ್ಟಿದ್ರು. ಪ್ಲಾಸ್ಟಿಕ್. ಪ್ಲಾಸ್ಟಿಕ್ಕಲ್ಲಿ ಮೊಸರನ್ನ ಹಾಕೋಕೆ ಮನಸ್ಸು ಬರಲಿಲ್ಲ ನನಗೆ. ಉಣ್ಣೋ ಜೀವ ಅಲ್ವಾ ಅಂತ ತಟ್ಟೇಲೇ ಹಾಕ್ತಿದ್ದೆ.

ಅವಳು ಕಂಡಿದ್ದು ಏನು? ತಟ್ಟೆ ಕಡೆ ಬರ್ತಿರೋ ಒಂದು ಕೈ. ಅಷ್ಟೇ. ಆ ಬೀದೀಲಿ ಬೆಳೆದೋಳಿಗೆ ಅದೊಂದೇ ಗೊತ್ತು.

ಎಷ್ಟು ರಕ್ತ ಬಂತು... ಸಾಕು ಬಿಡು.

ಬಷೀರ್ ಭಾಯ್‌ಗೆ ಡಬ್ಬದ ಮುಚ್ಚಳ ಕುಯ್ತು ಅಂತ ಹೇಳಿದ್ಯಂತೆ. ಅವರೇ ಮೊನ್ನೆ ಪಟೇಲ್ ಅಂಗಡೀಲಿ ಸಿಕ್ಕಿ, ನಿಮ್ಮ ಸ್ಟೀಲ್ ಡಬ್ಬಗಳು ಭಾರಿ ಚೂಪು ಅಂಬುಜಾಬೆಹನ್ ಅಂದ್ರು. ನಾನು ನಗ್ತಾ ನಗ್ತಾ ಹೌದು ಅಂದೆ, ಮನೆಗೆ ಬಂದು ಅತ್ತೆ. ಯಾವತ್ತೂ ಗಂಡನಿಗೆ ಸುಳ್ಳು ಹೇಳದೋಳು ನೀನು, ನನ್ನ ನಾಯಿಗೋಸ್ಕರ ಹೇಳಿದೆ. ಡಾಕ್ಟರ ಹತ್ರ ಹೋಗೋಣ ಅಂತ ನೀನು ಅಂದೆ, ನಾನು ಬಿಡಲಿಲ್ಲ. ನಾಯಿ ಕಚ್ಚಿದೆ ಅಂತ ಡಾಕ್ಟರು ಕೌಂಟಿ ಸರ್ಕಾರಕ್ಕೆ ಬರೀತಾರೆ, ಕೌಂಟಿಯವರು ಗ್ರೂಪಿಗೆ ಬರೀತಾರೆ, ಅಲ್ಲಿಗೆ ಇವಳ ಕಥೆ ಮುಗೀತು ಅಂತ ನಿನ್ನ ಕೈಗೆ ಅರಿಶಿನ ಮೆತ್ತಿ ಕೂರಿಸಿದೆ. ಇವಳಿಗೆ ರೇಬೀಸ್ ಚುಚ್ಚುಮದ್ದು ಆಗಿದೆ, ಏನೂ ಆಗಲ್ಲ ಅಂತ ನೂರು ಸಲ ಹೇಳಿದೆ. ಬೆರಳು ನಿಂದು, ಧೈರ್ಯ ನಂದು!

ಏನಂದೆ?

ಫಾರಮ್ಮಲ್ಲಾ? ಬರೆದೆ... ಏನೋ ಬರೆದೆ. ಅದರಲ್ಲಿ ನೂರೆಂಟು ಪ್ರಶ್ನೆ, ಯಾವುದಕ್ಕೆ ಏನು ಬರೆದೆ ಅಂತ ಯಾರಿಗೆ ನೆನಪಿರತ್ತೆ? ನೋಡು, ಆ ಟ್ರಕ್ಕಿನೋನು ಹೇಗೆ ನುಗ್ತಾನೆ!

ಹೂಂ, ಇತ್ತು. ಆ ಪ್ರಶ್ನೆ ಇತ್ತು. ಇದುವರೆಗೆ ಯಾರನ್ನಾದ್ರೂ ಕಚ್ಚಿದೆಯಾ ಅಂತ. ಇಲ್ಲ ಅಂತ ಬರೆದೆ. ಹಾಗೆ ನೋಡಬೇಡ ನನ್ನ! ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ದೊಡ್ಡೋರೇ ಹೇಳಿದಾರೆ. ನಾನು ಹೇಳಿದ್ದು ಒಂದೇ. ಇನ್ನೂ ಒಂಬೈನೂರ ತೊಂಬತ್ತೊಂಬತ್ತು ಬಾಕಿ ಇದೆ. ನಮ್ಮ ದೊಡ್ಡಕ್ಕನಿಗೆ ಮೆಳ್ಳೆಗಣ್ಣು ಅಂತ ನಮ್ಮಪ್ಪ ಹೇಳಿದ್ರಾ? ತಲೆ ತಗ್ಗಿಸ್ಕೊಂಡು ಕೂರು ಅಂದ್ರು, ಕೂತ್ಲು, ಮದುವೆ ಆಯ್ತು, ಮೂರು ಮಕ್ಕಳು. ಹೆಣ್ಣಿನ ಕಡೆಯವರು ತಾವಾಗೇ ದೋಷ ಹೇಳಿದ್ದು ಎಲ್ಲಾದ್ರೂ ಉಂಟಾ?

ಮತ್ತೆ ನಗಲಿಲ್ಲ ನೀನು. ಆಗಲಿ.

ನೋಡು, ಅವರು ಎಂಥವರು ಅಂತ ಕೇಳು ಮೊದಲು. ನಮ್ಮವರೇ. ಧಾರವಾಡದ ಕಡೆಯವರು, ಕಲ್ಮೇಶ್, ಚೇತನಾ ಅಂತ. ಇಬ್ಬರೂ ಡಾಕ್ಟರು, ಶಿಕಾಗೋ ಪಕ್ಕದ ನೇಪರ್‌ವಿಲ್ಲಲ್ಲಿ ದೊಡ್ಡ ಮನೆ. ಆ ಹುಡುಗಿ ಫೋನಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತಾಳೆ ಗೊತ್ತಾ? ಅಕ್ಕಾರ, ಆಕಿ ನಮ್ಮ ಮನ್ಯಾಗ ರಾಣಿ ಹಂಗ ಇರ್ತಾಳ್ರಿ, ನೀವೇನ್ ಚಿಂತಿ ಮಾಡಬ್ಯಾಡ್ರಿ ಅಂದ್ಲು. ಜೀರಿಗೆ ಅಂತ ಹೆಸರಿಟ್ಟಿದೀರಂತ, ಭಾಳ ಚಂದ ಐತ್ರಿ ಅಂದ್ಲು. ಇನ್ನೂ ಮಕ್ಕಳಿಲ್ಲ ಪಾಪ. ಇಬ್ಬರೇ. ದೊಡ್ಡೋರು ಇಬ್ಬರೇ ಇರೋ ಮನೇಲಿ ಇವಳದ್ದೇನೂ ತೊಂದರೆ ಇಲ್ಲ. ತಟ್ಟೆ ಇಟ್ಟು ದೂರ ಹೋದ್ರೆ ಆಯ್ತು, ದೊಡ್ಡೋರಿಗೆ ಅಷ್ಟು ತಿಳಿಯಲ್ವಾ? ನಾನು ಹೋಗ್ತಾ ಹೇಳಿ ಹೋಗ್ತೀನಿ, ಊಟದ ಹೊತ್ತಲ್ಲಿ ಮುಟ್ಟಬೇಡಮ್ಮಾ ಅಂತ. ಅಷ್ಟು ಹೇಳಿದ್ರೆ ಹೇಳಿದ ಹಾಗೇ ಅಲ್ವಾ? ಅಲ್ವಾ ವಹೀದಾ?

ಸರಿ, ಸುಮ್ಮನೆ ಕೋಡುಬಳೆ ತಿನ್ನು.

ಬಂತು ನೋಡು ಕಲಮಝೂ. ಇದೇ ಎಕ್ಸಿಟ್ ತಾನೇ? ಬಲಕ್ಕೆ... ಅದೋ ಹೋಟೆಲ್ಲು, ನೀಲಿ ಚಾವಣಿ. ಹನ್ನೆರಡೂ ಐವತ್ತು. ನಾವೇ ಮೊದಲು. ಹೆಣ್ಣಿನ ಕಡೆಯವರು ಮೊದಲು ಬಂದು ಕಾಯಬೇಕು, ಅದೇ ಶಾಸ್ತ್ರ! ಇಲ್ಲಿ ನಿಲ್ಲಿಸ್ತೀನಿ, ಬಾಗಿಲಿಂದ ಸ್ವಲ್ಪ ದೂರ. ಜೀರಿಗೆ, ಬಂತು ಪುಟ್ಟಾ, ಬಂತು... ನೋಡು ಬಾಲ ಬಡಿಯೋ ಸದ್ದು. ಊಟಕ್ಕೆ ಕರ್ಕೊಂಡು ಬಂದಿದೀನಿ ಅಂದ್ಕೊಂಡಿದಾಳೆ.

ಅವರ ಸೆಲ್ ನಂಬರ್ ಆ ಫೈಲಲ್ಲಿದೆ, ನಿನ್ನ ತೊಡೆ ಮೇಲಿರೋದ್ರಲ್ಲಿ. ಮೇಲೇ ಇರತ್ತೆ, ಹಳದಿ ಹಾಳೆ. ಅದೊಂದೇ ತೆಗಿ. ಬೇರೆ ಏನೂ ಕೆದಕಬೇಡ, ಎಲ್ಲ ಕಲಸಿಹೋಗತ್ತೆ... ಹಳದಿ ಹಾಳೆ ಅಂದೆ ಕಣೇ, ಅದಲ್ಲ. ಅದು... ಅದನ್ನ ಅಲ್ಲೇ ಇಡು. ಕೊಡು ಇಲ್ಲಿ.

ವಹೀದಾ, ಕೊಡು.

ಅದಾ? ಅದು ಯಾವುದೋ ಫೋಟೋ. ಮನೆ ಹೇಗಿದೆ ಅಂತ ನೋಡಲಿ ಅಂತ ಚೇತನಾ ಕಳಿಸಿದ್ದು. ಮಗುನಾ? ಅಣ್ಣನ ಮಗಳೋ ಯಾರೋ ಇರಬೇಕು, ರಜಕ್ಕೆ ಬಂದಿರತ್ತೆ. ಇಲ್ಲಾ ಪಕ್ಕದ ಮನೇದು. ಮಕ್ಕಳು ಬರ್ತಾವೆ ಹೋಗ್ತಾವೆ, ಎಲ್ಲರ ಮನೇಲೂ... ಹಿಂದೆ ತಿರುಗಿಸಬೇಡ ಅದನ್ನ.

ಓದಿದ್ಯಾ.

ನಿನಗೆ ಕನ್ನಡ ಓದೋಕೆ ಬರತ್ತೆ ಅನ್ನೋದೇ ಮರೆತಿದ್ದೆ ನೋಡು. ಚನ್ನಪಟ್ಟಣದ ಸರ್ಕಾರಿ ಸ್ಕೂಲು, ಕನ್ನಡದಲ್ಲಿ ಯಾವಾಗಲೂ ನೀನೇ ಫಸ್ಟು... ನಗು ಸ್ವಲ್ಪ. ಒಂದು ಸಲ ನಗು.

ಬೈಯಬೇಕಾದ್ರೆ ಬೈ. ಅರ್ಧ ದಾರೀಲಿ ಅಷ್ಟು ಪ್ರಶ್ನೆ ಕೇಳಿದೋಳು ಈಗ ಏನಾಯ್ತು? ಆ ಫೋಟೋನೇ ನೋಡ್ತಾ ಕೂರಬೇಡ. ನನಗೆ ಗೊತ್ತು ಅದರಲ್ಲಿ ಏನಿದೆ ಅಂತ. ಹತ್ತು ದಿನದಿಂದ ದಿನಾ ನೋಡ್ತಿದೀನಿ. ನಮ್ಮ ಸಣ್ಣಾಕಿ ರೀ ಅಕ್ಕಾರ, ಜೀರಿಗಿ ಯಾವಾಗ ಬರ್ತಾಳಂತ ದಿನಾ ಕೇಳ್ತಾಳ್ರಿ ಅಂತ ಬರೆದಿದಾಳೆ. ಮೂರು ವರ್ಷ. ಎರಡು ಜುಟ್ಟು. ಅಡುಗೆಮನೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದೆ, ಮುಂದೆ ಸ್ಟೀಲ್ ತಟ್ಟೆ, ತಟ್ಟೆ ತುಂಬ ಅನ್ನ. ಕೈ ಅನ್ನದಲ್ಲೇ ಇದೆ.

ನಮ್ಮ ಮನೆಗಳ ಮಕ್ಕಳು ಇನ್ನು ಹೇಗೆ ತಾನೇ ಕೂತು ಊಟ ಮಾಡ್ತಾವೆ?

ಗೊತ್ತಿತ್ತು ಕಣೇ. ಮಗು ಇದೆ ಅಂತ ಮೊದಲಿಂದ ಗೊತ್ತಿತ್ತು. ಫಾರಮ್ಮಲ್ಲಿ ಮಕ್ಕಳ ಜೊತೆ ಹೇಗಿರತ್ತೆ ಅಂತಾನೂ ಕೇಳಿದ್ರು. ಬಹಳ ಚೆನ್ನಾಗಿರತ್ತೆ ಅಂತ ಬರೆದೆ. ಗ್ರೂಪಿನ ಹೆಂಗಸು ಬೇಲಿ ನೋಡಿದ್ಲು, ಹಿತ್ತಲು ನೋಡಿದ್ಲು, ಸ್ವಭಾವಕ್ಕೆ ನನ್ನ ಮಾತೇ ಸಾಕು ಅಂತ ನಂಬಿದ್ಲು. ಅಂಬುಜಾ ಹೇಳಿದ್ಮೇಲೆ ಮುಗೀತು ಅಂದ್ಲು. ಎಲ್ಲರೂ ನನ್ನ ಮಾತು ನಂಬ್ತಾರೆ ವಹೀದಾ, ನಾನು ನಗಿಸಿ ನಗಿಸಿ ಹೇಳ್ತೀನಲ್ಲ.

ಇನ್ನೊಂದು ಹೇಳಿಬಿಡ್ತೀನಿ, ನೀನು ಸುಮ್ಮನೇ ಇರು. ಯುಗಾದಿ ಒಳಗೆ ಅಂತ ಇವರು ಅಂದಿದ್ದು ಸುಳ್ಳು. ಅಂದ್ರೆ, ಹೋದ ವರ್ಷದ ಯುಗಾದಿಗೆ ಅಂದಿದ್ರು, ಈ ವರ್ಷ ಅಂದಿಲ್ಲ. ಇವತ್ತು ಬೆಳಿಗ್ಗೆ ಅವಳ ಪಂಜರಕ್ಕೆ ತಮ್ಮ ಸ್ವೆಟರ್ ತಾವೇ ಹಾಸಿ, ಗ್ಯಾರೇಜಲ್ಲಿ ನಿಂತ್ಕೊಂಡು, ಬಿಡೇ ಅಂಬುಜಾ, ಇರಲಿ, ಎಲ್ಲಿಗೋ ಯಾಕೆ ಅಟ್ಟುತೀಯ ಅಂದ್ರು. ಸಂಧ್ಯಾವಂದನೆ ಮಾಡೋ ಮನುಷ್ಯ! ನಾನೇ ಮುಖ ತಿರುಗಿಸ್ಕೊಂಡು ವ್ಯಾನ್ ಸ್ಟಾರ್ಟ್ ಮಾಡಿದೆ.

ಇವಳು ಮನೇಲಿದ್ರೆ ನೀನು ಬರಲ್ಲ. ಅದಕ್ಕೆ. ಅದೊಂದಕ್ಕೇ. ನಾಯಿ ದೂರ ಹೋದ್ರೆ ನಿನ್ನ ಕೈಗೆ ಆಗಿದ್ದೂ ಹೋಗತ್ತೆ, ಮೊದಲಿನ ಹಾಗೆ ಹಿಂದಿನ ಬಾಗಿಲು ತಳ್ಕೊಂಡು ಬರ್ತೀಯ ಅಂದ್ಕೊಂಡೆ. ಮೂರು ವಾರ ಸಂಜೆ ಹೊತ್ತು ಒಬ್ಬಳೇ ಕೂತು ಕೂತು ಬುದ್ಧಿ ಕೆಟ್ಟಿತ್ತು ನನಗೆ. ನಿನ್ನ ಬೆರಳು ನೋಡಿದೋಳು, ರಕ್ತ ಒರೆಸಿದೋಳು, ಬೇರೆಯವರ ಮಗು ಮುಂದೆ ಇದನ್ನ ಬಿಟ್ಟು ಬರೋಕೆ ಹೊರಟೆ. ದಾರಿಯುದ್ದಕ್ಕೂ ನಗ್ತಾ.

ನಿನ್ನನ್ನ ಯಾಕೆ ಕರ್ಕೊಂಡು ಬಂದೆ ಅಂತ ಗೊತ್ತಾ? ಮ್ಯಾಪ್ ನೋಡೋಕಲ್ಲ. ನನಗೆ ಕಣ್ಣು ಮುಚ್ಕೊಂಡ್ರೂ ಬರತ್ತೆ ಈ ರಸ್ತೆ. ನೀನು ಎಲ್ಲಾದ್ರೂ ಒಂದು ಸಲ, ಪರವಾಗಿಲ್ಲ ಅಂಬುಜಾ, ಕೊಟ್ಬಿಡು ಅಂತೀಯೇನೋ ಅಂತ. ಕಚ್ಚಿಸ್ಕೊಂಡೋಳೇ ಪರವಾಗಿಲ್ಲ ಅಂದ್ರೆ ನನಗೆ ನಿದ್ದೆ ಬರತ್ತೆ ಅಂತ. ನೂರಿಪ್ಪತ್ತು ಮೈಲಿ ಕಾದೆ ಕಣೇ. ನೀನು ಅನ್ನಲಿಲ್ಲ.

ಈಗಲೂ ಅನ್ನಲ್ಲ, ಅಲ್ವಾ?

ಬಂತು. ಆ ಬೂದಿ ಬಣ್ಣದ ಕಾರು, ಇಲಿನಾಯ್ ಪ್ಲೇಟು. ಕೈ ಬೀಸ್ತಿದಾಳಲ್ಲ, ಅವಳೇ ಚೇತನಾ. ಅಯ್ಯೋ, ಮಗೂನೂ ಕರ್ಕೊಂಡು ಬಂದಿದಾರೆ. ಇಳಿಸ್ತಿದಾರೆ ನೋಡು. ಕೈಯಲ್ಲಿ ಏನೋ ಹಿಡ್ಕೊಂಡಿದೆ... ಚಪಾತಿ ಸುರುಳಿ. ಅರ್ಧ ತಿಂದು, ಅರ್ಧ ಜೀರಿಗೆಗೆ ಅಂತ ಉಳಿಸಿಟ್ಟಿದೆ, ನೋಡು, ಹೇಗೆ ಎತ್ತಿ ತೋರಿಸ್ತಿದೆ.

ಇಲ್ಲ. ಪಂಜರ ತೆಗೆಯಲ್ಲ. ಯಾರೂ ತೆಗೀಬಾರದು.

ನಾನೇ ಹೋಗ್ತೀನಿ. ಕಚ್ಚಿದೆ ಅನ್ನೋದನ್ನ ಎಷ್ಟು ಸುತ್ತಿ ಬಳಸಿ ಹೇಳಿದ್ರೂ ಕಚ್ಚಿದೆ ಅಂತಲೇ ಅಲ್ವಾ? ಹಾಗೇ ಹೇಳ್ತೀನಿ. ಗ್ರೂಪಿಗೂ ನಾನೇ ಫೋನ್ ಮಾಡ್ತೀನಿ, ಇವಳು ಇನ್ನು ಯಾರ ಮನೆಗೂ ಹೋಗಲ್ಲ, ನನ್ನ ಹೆಸರಿಗೇ ಬರ್ಕೊಳ್ಳಿ, ಇಂಜೆಕ್ಷನ್ ಮಾತು ಎತ್ತಬೇಡಿ ಅಂತ. ಬಷೀರ್ ಭಾಯ್‌ಗೂ ಹೇಳ್ತೀನಿ, ನಮ್ಮ ಡಬ್ಬಗಳು ಚೂಪಲ್ಲ ಅಂತ. ನಾಳೆ ನಿನ್ನ ಬೆರಳು ಡಾಕ್ಟರಿಗೆ ತೋರಿಸೋದೇ, ಅವರು ಯಾರಿಗೆ ಬೇಕಾದ್ರೂ ಬರ್ಕೊಳ್ಳಲಿ. ನೀನು ನಮ್ಮನೆಗೆ ಬರಬೇಡ. ಸಂಜೆ ನಾಲ್ಕಕ್ಕೆ ಫ್ಲಾಸ್ಕಿಗೆ ಹಾಕ್ಕೊಂಡು ನಾನೇ ನಿಮ್ಮನೆಗೆ ಬರ್ತೀನಿ, ಬಟ್ಟೆ ಬದಲಾಯಿಸ್ಕೊಂಡು. ಬಾಗಿಲು ತೆಗೆದ್ರೆ ತೆಗಿ.

ನೀನೂ ಇಳಿದು ಹೋಟೆಲ್ ಒಳಗೆ ಹೋಗಿ ಕೂತ್ಕೋ. ನಾನಿಲ್ಲದಿದ್ರೆ ಇವಳು ಕೂಗ್ತಾಳೆ, ಪಂಜರ ಅಲ್ಲಾಡಿಸ್ತಾಳೆ, ಒಬ್ಬಳೇ ನಿನಗೆ ಭಯ ಆಗತ್ತೆ. ಇಳಿ... ಏನು, ಬೆಲ್ಟ್ ಬಿಚ್ಚಲ್ವಾ?

ಇಲ್ಲೇ ಇರ್ತೀಯಾ? ಇವಳ ಜೊತೆ?

ವಹೀದಾ... ಆಯ್ತು. ನಾನು ಅಳಲ್ಲ, ಅತ್ರೆ ಮಾತು ಬರಲ್ಲ. ಮಗು ಓಡಿ ಬರ್ತಿದೆ. ಕೂತಿರು ನೀನು, ಕಚ್ಚಿದಾಳೆ ಅಂತ ಹೇಳಿ ಬರ್ತೀನಿ.